ಕೆಂಪಿಗೆ ಇನ್ನೊಂದು ಗೇಣು

ನೀರು ಕೆಂಪು ಪಟ್ಟಿಗೆ ಒಂದು ಗೇಣು ಕೆಳಗೆ ನಿಂತುಬಿಟ್ಟಿತ್ತು. ಬಾತಕ್ಕ ಸೊಂಟದವರೆಗೆ ನೀರಿನಲ್ಲಿ ನಿಂತು, ಸೇತುವೆಯ ಕಂಬಕ್ಕೆ ಅಂಗೈ ಚಾಚಿ ಮತ್ತೊಮ್ಮೆ ಅಳೆದಳು. ಹೆಬ್ಬೆರಳು ಪಟ್ಟಿಯ ಅಂಚಿಗೆ, ಕಿರುಬೆರಳು ನೀರಿಗೆ. ಬೆಳಿಗ್ಗೆ ಅಳೆದಾಗ ಕಿರುಬೆರಳು ಪೂರ್ತಿ ಮುಳುಗಿತ್ತು. ಈಗ ಅದರ ತುದಿಯಷ್ಟೇ ಒದ್ದೆಯಾಯಿತು. ನೀರಿಗಿಂತ ತುಸು ಮೇಲೆ, ಕಂಬದ ಮೈಮೇಲೆ, ಕಪ್ಪು ಗೆರೆಯೊಂದು ಆಗಲೇ ಒಣಗುತ್ತಿತ್ತು. ಇಳಿಯುತ್ತಿದೆ.

"ಥೂ, ನಿನ್ನ ಮುಖಕ್ಕೆ!" ಎಂದಳು ನೀರಿಗೆ.

ಊರಿನವರು ಯಾರಾದರೂ ಕೇಳಿಸಿಕೊಂಡಿದ್ದರೆ ತಲೆ ಕೆಟ್ಟಿದೆ ಎನ್ನುತ್ತಿದ್ದರು. ನೆರೆ ಬಂತೆಂದು ಬೈಯುವವರು ಮನೆಗೊಬ್ಬರಿದ್ದರು. ಬರಲಿಲ್ಲವೆಂದು ಬೈಯುವವಳು ಇವಳೊಬ್ಬಳೇ.

ಜೌಗಿನ ನಡುವಿನ ಊರು ಅದು. ಎಲ್ಲಿ ನೋಡಿದರೂ ಆಳೆತ್ತರದ ಜೊಂಡು, ಜೊಂಡಿನ ಸಂದಿಯಲ್ಲಿ ನೀರು, ಅಲ್ಲಲ್ಲಿ ದಿಬ್ಬದ ಮೇಲೆ ಗುಂಪಾಗಿ ಕೂತ ತಗಡಿನ ಮನೆಗಳು. ಇವೆಲ್ಲದರ ತಲೆಯ ಮೇಲೆ, ಈ ಕೊನೆ ಆ ಕೊನೆ ಕಾಣದಷ್ಟು ಉದ್ದಕ್ಕೆ, ಹೆದ್ದಾರಿಯ ಸೇತುವೆ. ಅದನ್ನು ಊರಿಗಾಗಿ ಕಟ್ಟಿದ್ದಲ್ಲ. ಆ ಪಟ್ಟಣದವರು ಈ ಪಟ್ಟಣಕ್ಕೆ ಕಾಲು ಒದ್ದೆ ಮಾಡಿಕೊಳ್ಳದೆ ಹೋಗಲೆಂದು ಕಟ್ಟಿದ್ದು. ಊರಿಗೆ ಸಿಕ್ಕಿದ್ದು ಅದರ ನೆರಳು, ಅದರ ಸದ್ದು, ಮತ್ತೆ ಕಟ್ಟುವ ಕಾಲದಲ್ಲಿ ಲಾರಿ ಹತ್ತಿಸಲು ಹಾಕಿ ಹಾಗೇ ಬಿಟ್ಟುಹೋದ ಒಂದು ಮಣ್ಣಿನ ಏರು. ನೆರೆ ಬಂದರೆ ಊರಿಗೆ ಊರೇ ಆ ಏರು ಹತ್ತಿ ಸೇತುವೆಯ ಒಂದು ಪಕ್ಕ ಹಿಡಿದು ಕೂರುತ್ತಿತ್ತು. ಹೆದ್ದಾರಿಯವರು ಮೊದಮೊದಲು ಬೈದು ಓಡಿಸಲು ನೋಡಿದರು. ಓಡಿಸುವುದಾದರೂ ಎಲ್ಲಿಗೆ? ಆಮೇಲೆ ಬೈಯುವುದನ್ನು ಮಾತ್ರ ಇಟ್ಟುಕೊಂಡರು.

ಯಾವಾಗ ಹತ್ತಬೇಕು ಎಂದು ಹೇಳುವ ಕೆಲಸ ಬಾತಕ್ಕನ ಮನೆಯದು. ಸೇತುವೆಯಾದಂದಿನಿಂದ ಅವಳ ಅಪ್ಪ ಕಂಬ ನೋಡುತ್ತಿದ್ದ. ಇಂಜಿನಿಯರುಗಳು ತಮ್ಮ ಲೆಕ್ಕಕ್ಕೆ ಬಳಿದಿದ್ದ ಬಿಳಿ, ಹಳದಿ, ಕೆಂಪು ಪಟ್ಟಿಗಳಲ್ಲಿ ಕೆಂಪಿನ ಕೆಳಂಚಿಗೆ ನೀರು ಮುಟ್ಟಿತೆಂದರೆ ಮಾರನೆಯ ದಿನ ಹೊಸ್ತಿಲು ದಾಟುತ್ತದೆಂದು ಗುರುತಿಟ್ಟವನು ಅವನೇ. ಮುಟ್ಟಿದ ಕೂಡಲೇ ದಿಬ್ಬದ ಮರಕ್ಕೆ ನೇತುಹಾಕಿದ್ದ ಕಬ್ಬಿಣದ ತುಂಡನ್ನು ಬಾರಿಸುತ್ತಿದ್ದ. ಅವನ ನಂತರ ಅದು ಮಗಳಿಗೆ ಬಂತು. ಗಂಡ ಸತ್ತ ಮೇಲೆ ಅಣ್ಣನ ಮನೆಗೆ ಬಂದವಳು ಬಾತುಕೋಳಿ ಸಾಕಿಕೊಂಡಿದ್ದಳು. ಬಾತುಗಳ ಹಿಂದೆ ದಿನವೂ ಕಂಬದ ಬುಡಕ್ಕೆ ಹೋಗುವವಳು ಅವಳೇ ಆದದ್ದರಿಂದ, ಪ್ರತ್ಯೇಕವಾಗಿ ಯಾರೂ ವಹಿಸದೆ, ಅವಳದೇ ಆಯಿತು. ಹೆಸರೂ ಬಾತಕ್ಕ ಎಂದಾಯಿತು. ಮೊದಲಿನ ಹೆಸರು ಅಣ್ಣನಿಗೆ ಮಾತ್ರ ನೆನಪಿತ್ತು, ಅವನೂ ಕರೆಯುತ್ತಿರಲಿಲ್ಲ.

ಸೇತುವೆಯ ಮೇಲೆ ಜಾಗಕ್ಕೂ ಒಂದು ಪದ್ಧತಿಯಿತ್ತು. ಮೊದಲು ಹತ್ತಿದವರಿಗೆ ಏರಿನ ಹತ್ತಿರದ ಜಾಗ. ತಡವಾದಷ್ಟೂ ಮುಂದೆ ಮುಂದೆ ಹೋಗಬೇಕು. ಕಬ್ಬಿಣ ಬಾರಿಸಿ, ಮನೆಮನೆಗೆ ಕೂಗು ಹಾಕಿ, ಬಾತುಗಳನ್ನು ಬುಟ್ಟಿಗೆ ತುಂಬಿಕೊಂಡು ಹತ್ತುವ ಬಾತಕ್ಕ ಯಾವಾಗಲೂ ಕೊನೆ. ಅಣ್ಣನ ಮನೆಯವರೂ ಅವಳ ದೆಸೆಯಿಂದ ಕೊನೆ. ಹಾಗಾಗಿ ಅವರ ಜಾಗ ದೊಡ್ಡ ಹೊಳೆಯ ನೆತ್ತಿಯ ಮೇಲೆ, ಸೇತುವೆಯ ಎರಡು ಭಾಗ ಕೂಡುವಲ್ಲಿ ರಸ್ತೆಗೆ ಅಡ್ಡಲಾಗಿ ಹಾಕಿದ್ದ ಕಬ್ಬಿಣದ ಹಲ್ಲುಪಟ್ಟಿಯ ಪಕ್ಕ. ಹೊಳೆಯಾಚೆಗೂ ಇಂಥದೇ ಒಂದು ಊರು, ಇಂಥದೇ ಒಂದು ಏರು. ಅಲ್ಲಿನವರು ಆ ಕಡೆಯಿಂದ ಹತ್ತಿ ಈ ಕಡೆಗೆ ಬರುತ್ತಿದ್ದರು. ಅವರಲ್ಲಿ ಕೊನೆಯವನು ಟೇಲರ್. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿದ್ದ ಒಂಟಿ ಮನುಷ್ಯ. ಹೊಲಿಗೆ ಯಂತ್ರವನ್ನು ತಲೆಯ ಮೇಲೆ ಹೊತ್ತು, ಮೂರು ಕಡೆ ನಿಂತು, ಸುಧಾರಿಸಿಕೊಂಡು ಬರುವಷ್ಟರಲ್ಲಿ ಅವನಿಗೆ ಉಳಿಯುತ್ತಿದ್ದದ್ದು ಹಲ್ಲುಪಟ್ಟಿಯ ಆ ಪಕ್ಕದ ಜಾಗ.

ಮೊದಲ ನೆರೆಯಲ್ಲಿ ಅವನೇ ಮಾತಾಡಿಸಿದ್ದ. ಅಳತೆಯ ಟೇಪು ಆ ಗಾಳಿಮಳೆಯಲ್ಲೂ ಕೊರಳಲ್ಲೇ ಇತ್ತು.

"ಎಲ್ರೂ ಟಾರ್ಪಾಲು ತರ್ತಾರೆ, ಹರಿದಿದ್ದನ್ನೇ ತರ್ತಾರೆ. ನಿಮ್ದೂ ಕೊಡಿ, ಹಾಕ್ಕೊಡ್ತೀನಿ ಎರಡು ಹೊಲಿಗೆ."

"ಅದಕ್ಕೆ ಬದಲು ಕೊಡೋಕೆ ನನ್ನ ಹತ್ರ ಮೊಟ್ಟೆ ಬಿಟ್ರೆ ಇನ್ನೇನಿಲ್ಲ."

"ಬೇಯಿಸಿದ್ದೋ, ಹಸೀದೋ?"

"ಹಸೀದು ಕೊಟ್ರೆ ಅದನ್ನೂ ಹೊಲಿತೀರಾ?"

ಅವನು ನಕ್ಕಿದ್ದ. ನಗಲೂ ಹೊತ್ತು ಹಿಡಿಯುತ್ತಿತ್ತು ಅವನಿಗೆ. ಸೂಜಿಗೆ ದಾರ ಪೋಣಿಸಿದ ಹಾಗೆ ಒಂದು ಕಣ್ಣು ಸಣ್ಣ ಮಾಡಿ, ಮಾತನ್ನು ಒಳಗೇ ಒಮ್ಮೆ ನೋಡಿ, ಆಮೇಲೆ ನಕ್ಕ. ಮುಂದಿನ ನೆರೆಯಲ್ಲಿ ಅವನೇ ಎರಡು ಲೋಟ ಚಹಾ ಮಾಡಿ ಒಂದನ್ನು ಹಲ್ಲುಪಟ್ಟಿಯ ಈಚೆ ಇಟ್ಟ. ಅದರ ಮುಂದಿನದರಲ್ಲಿ, ನೀರು ಇಳಿದು ಎಲ್ಲರೂ ಗಂಟುಮೂಟೆ ಕಟ್ಟುತ್ತಿದ್ದ ಬೆಳಿಗ್ಗೆ, ಯಂತ್ರವನ್ನು ಆಗಲೇ ತಲೆಗೇರಿಸಿಕೊಂಡಿದ್ದವನು ಹಾಗೇ ನಿಂತ.

"ನಿಮ್ಮನ್ನ ಒಂದು ಮಾತು ಕೇಳೋದಿತ್ತು."

"ಕೇಳಿ."

ಅವನು ಅವಳ ಅಣ್ಣನ ಕಡೆ ನೋಡಿದ, ಅತ್ತಿಗೆಯ ಕಡೆ ನೋಡಿದ. ಕತ್ತಿನ ನರ ಎದ್ದಿತ್ತು, ಯಂತ್ರದ ಭಾರಕ್ಕೆ.

"ಈಗ ಬೇಡ. ತಲೆ ಮೇಲೆ ಮಿಷನ್ ಇಟ್ಕೊಂಡು ಕೇಳೋ ಮಾತಲ್ಲ. ಬರೋ ಸಲ ಕೇಳ್ತೀನಿ."

"ಬರೋ ಸಲ ಅಂದ್ರೆ? ನೆರೆ ಬರ್ಲಿ ಅಂತೀರಾ?"

"ಬರದೆ ಎಲ್ಲಿಗೆ ಹೋಗುತ್ತೆ?" ಎಂದು ಅವನು ಹೋದ.

ಆಮೇಲೆ ಎರಡು ಮಳೆಗಾಲ ನೀರು ಹಳದಿಯನ್ನು ದಾಟಲಿಲ್ಲ. ಊರಿನವರು ಬದುಕಿದೆವು ಎಂದರು. ಬಾತಕ್ಕ ದಿನವೂ ಕಂಬದ ಬುಡದಲ್ಲಿ ನಿಂತು, ಅವನು ಕೇಳಬೇಕೆಂದಿದ್ದ ಮಾತನ್ನು ತಾನೇ ಬಗೆಬಗೆಯಾಗಿ ಕೇಳಿಕೊಂಡಳು, ತಾನೇ ಉತ್ತರವನ್ನೂ ಹೇಳಿದಳು. ಒಂದೊಂದು ಸಲ, ಮೊಟ್ಟೆಯ ಬೆಲೆ ಕೇಳಲಿದ್ದನೇನೋ, ನಾನೊಬ್ಬಳು ಮಂಕು ಎಂದೂ ಅನ್ನಿಸುತ್ತಿತ್ತು. ಅವನ ಊರಿಗೆ ಹೋಗಲು ದಾರಿಯೇ ಇರಲಿಲ್ಲವೆಂದಲ್ಲ. ಸೇತುವೆಯ ಮೇಲೆ ನಡೆದು ಹೋಗಲು ಬಿಡುತ್ತಿರಲಿಲ್ಲ, ನಿಜ. ಆದರೆ ಹೊಳೆಯ ಮೇಲ್ಭಾಗದಲ್ಲಿ ದೋಣಿಯಿತ್ತು, ಅರ್ಧ ದಿನದ ಸುತ್ತು. ಇಲ್ಲದ್ದು ನೆಪ. ನಲವತ್ತು ದಾಟಿದ ವಿಧವೆ, ದೋಣಿ ಹತ್ತಿ ಹೋಗಿ, ಒಬ್ಬ ಗಂಡಸಿನ ಬಾಗಿಲಲ್ಲಿ ನಿಂತು, 'ಅವತ್ತು ಏನೋ ಕೇಳ್ತೀನಿ ಅಂದಿದ್ರಲ್ಲ' ಎನ್ನುವುದು ಹೇಗೆ? ನೆರೆಯಾದರೆ ನೆಪವೇ ಬೇಕಿರಲಿಲ್ಲ. ನೀರು ತಾನೇ ತಳ್ಳಿಕೊಂಡು ಹೋಗಿ ಅವನ ಪಕ್ಕ ಕೂರಿಸುತ್ತಿತ್ತು.

ಈ ವರ್ಷ ಬಂತು ಎಂದುಕೊಂಡಿದ್ದಳು. ನಾಲ್ಕು ದಿನ ಬಿಡದೆ ಹೊಡೆದ ಮಳೆಗೆ ನೀರು ಬಿಳಿ ನುಂಗಿತು, ಹಳದಿ ನುಂಗಿತು, ಮನೆಯ ಅಂಗಳಕ್ಕೆ ಬಂದು ನಿಂತಿತು. ಅತ್ತಿಗೆ ಪಾತ್ರೆಗಳನ್ನು ಅಟ್ಟಕ್ಕೇರಿಸಿದಳು. ಬಾತಕ್ಕ, ಯಾರೂ ನೋಡದಾಗ, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡಳು. ಈಗ ನೋಡಿದರೆ ಕೆಂಪಿಗೆ ಇನ್ನೊಂದು ಗೇಣು ಇರುವಾಗ ನೀರಿಗೆ ಬುದ್ಧಿ ಬಂದಿತ್ತು.

ಅವಳು ನೀರಿನಿಂದ ಮೇಲೆ ಬಂದಳು. ಸೀರೆಯ ಅಂಚು ಹಿಂಡಿದಳು. ಮರದ ಕೆಳಗೆ ನಿಂತು ಊರನ್ನು ನೋಡಿದಳು. ಎದುರು ಮನೆಯ ಸೊಸೆ ಎಳೆ ಮಗುವನ್ನು ಎದೆಗವಚಿಕೊಂಡು ಬಾಗಿಲಲ್ಲಿ ನಿಂತು, ಏನು ಎಂಬಂತೆ ಹುಬ್ಬು ಹಾರಿಸಿದಳು. ಇಲ್ಲ ಎಂದು ಕೈಯಾಡಿಸಿದ್ದರೆ ಮುಗಿದಿತ್ತು.

ಕೈ ತಾನಾಗಿಯೇ ಹೋಯಿತು ಎಂದರೆ ಸುಳ್ಳು. ಅವಳು ಸುತ್ತಿಗೆಯನ್ನು ಹುಡುಕಿ ತೆಗೆದುಕೊಂಡಳು, ಅದರ ಹಿಡಿಯ ಕೆಸರನ್ನು ಒರೆಸಿದಳು, ಕಬ್ಬಿಣದ ತುಂಡನ್ನು ಎಡಗೈಯಲ್ಲಿ ಹಿಡಿದು ನಿಲ್ಲಿಸಿದಳು. ಆಮೇಲೆ ಬಾರಿಸಿದಳು. ಅಪ್ಪ ಬಾರಿಸುತ್ತಿದ್ದಂತೆಯೇ, ಬಿಟ್ಟು ಬಿಟ್ಟು, ಗಟ್ಟಿಯಾಗಿ.

ಊರು ಎದ್ದಿತು. ಒಬ್ಬರೂ ಬಂದು ಕಂಬ ನೋಡಲಿಲ್ಲ. ಯಾಕೆ ನೋಡಬೇಕು? ಬಾತಕ್ಕ ಬಾರಿಸಿದ್ದಳು.

ಹತ್ತುವುದೆಂದರೆ ಬರಿಗೈಯಲ್ಲಿ ಹೋಗಿ ಕೂರುವುದಲ್ಲ. ಮನೆಯ ಬಾಗಿಲನ್ನು ಕೀಲಿನಿಂದ ಕಳಚಿ ಹೊರಬೇಕು, ಮೇಲೆ ಮಲಗಲು ಅದೇ ಮಂಚ. ಎಮ್ಮೆಗಳನ್ನು ಎಳೆಯಬೇಕು, ಮುದುಕರನ್ನು ಬೆನ್ನಿಗೆ ಹಾಕಿಕೊಳ್ಳಬೇಕು. ಅಂಗಡಿಯವನು ಸಕ್ಕರೆ ಮೂಟೆಯನ್ನು ಹೆಗಲಿಗೇರಿಸಿ ಏರಿನ ಅರ್ಧಕ್ಕೆ ಬಂದವನು ಜಾರಿದ. ಮೂಟೆ ಕೆಸರಿಗೆ ಬಿತ್ತು.

"ಹೋಯ್ತು! ಇನ್ನು ಊರಿಗೆಲ್ಲ ಕೆಸರಿನ ಚಹಾ," ಎಂದ ಯಾರೋ.

"ನಗಪ್ಪಾ, ನಗು. ನಿನ್ನ ಸಾಲದಲ್ಲಿ ಸೇರಿಸ್ತೀನಿ," ಎಂದ ಅಂಗಡಿಯವನು ಮಂಡಿ ಉಜ್ಜಿಕೊಳ್ಳುತ್ತ.

ಎಳೆ ಮಗುವಿನ ತಾಯಿ ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಹನಿಮಳೆಯಲ್ಲಿ ಏರು ಹತ್ತುತ್ತಿದ್ದಳು. ಪಕ್ಕದಿಂದ ಹೋಗುವಾಗ ಮಗು ಸೀನಿತು. ಬಾತಕ್ಕ ಆ ಕಡೆ ನೋಡಲಿಲ್ಲ. ಬಾತಿನ ಬುಟ್ಟಿಗಳೆರಡನ್ನೂ ಕಾವಡಿಗೆ ಹಾಕಿಕೊಂಡು ಬೇಗ ಬೇಗ ನಡೆದಳು. ಹಿಂದಿನಿಂದ ಅಣ್ಣ ಬಾಗಿಲನ್ನು ಬೆನ್ನ ಮೇಲೆ ಹೊತ್ತು ಆಮೆಯಂತೆ ಬರುತ್ತಿದ್ದ. ಅವನಿಗೆ ಬೆನ್ನು ನೋವು. ಎರಡು ವರ್ಷದಿಂದ ಭಾರ ಎತ್ತಿರಲಿಲ್ಲ.

"ಒಂದು ವರ್ಷನಾದ್ರೂ ನಾವು ಮೊದಲು ಹತ್ತಿ ಏರಿನ ಹತ್ರ ಕೂತೇವಾ ಅಂದ್ರೆ, ಇಲ್ಲ," ಎಂದಳು ಅತ್ತಿಗೆ, ತಲೆಯ ಮೇಲೆ ಹಾಸಿಗೆಯ ಸುರುಳಿ. "ನಿಮ್ಮ ತಂಗಿ ಬಾತಿನ ಜೊತೆ ಮೆರವಣಿಗೆ ಮಾಡ್ಕೊಂಡು ಬರೋವರೆಗೂ ಕಾಯ್ಬೇಕು."

"ನಡಿಯೇ. ಬಾಯಿ ಹೊರೋಕೂ ಒಬ್ಬ ಆಳು ಬೇಕು ನಿಂಗೆ."

ಹಲ್ಲುಪಟ್ಟಿ ಬಂತು. ಬಾತಕ್ಕ ಕಾವಡಿ ಇಳಿಸಿ ತಲೆಯೆತ್ತಿದಳು. ಆಚೆ ಕಡೆ ಯಾರೂ ಇರಲಿಲ್ಲ.

ಇನ್ನೂ ಹತ್ತಿಲ್ಲ, ಅಷ್ಟೇ, ಎಂದುಕೊಂಡಳು. ಅಲ್ಲಿಯೂ ಕಂಬ ನೋಡುವವನೊಬ್ಬನಿದ್ದ. ಅವನು ಸುಳ್ಳು ಬಾರಿಸಲಾರ ಎಂಬುದು ಆಗ ಹೊಳೆಯಿತು. ಇಷ್ಟು ಯೋಚಿಸಿದವಳಿಗೆ ಅದೊಂದು ಹೊಳೆದೇ ಇರಲಿಲ್ಲ. ಕಬ್ಬಿಣ ಬಾರಿಸಿದರೆ ಸೇತುವೆ ಪೂರ್ತಿ ತುಂಬುತ್ತದೆ ಎಂದೇ ಅವಳ ಮನಸ್ಸು ತಿಳಿದಿತ್ತು. ಆದರೂ, ಈ ಊರು ಹತ್ತಿದ್ದು ಕಂಡರೆ ಅವರಿಗೂ ದಿಗಿಲಾಗಿ ಹತ್ತಿಯಾರು. ಅವಳು ಕಟಕಟೆಯ ಹತ್ತಿರ ಹೋಗಿ ಬಗ್ಗಿ ನೋಡಿದಳು.

ಕೆಳಗೆ ದೊಡ್ಡ ಹೊಳೆ ಚಹಾದ ಬಣ್ಣದಲ್ಲಿ ಉರುಳುತ್ತಿತ್ತು. ಅದರಾಚೆ ಜೊಂಡು, ಜೊಂಡಿನಾಚೆ ಅವನ ಊರು. ಕೆಳಗಿನಿಂದ ಆ ಊರು ಕಾಣುತ್ತಿರಲಿಲ್ಲ. ಮೇಲಿನಿಂದ ಮಾತ್ರ ಕಾಣುತ್ತಿತ್ತು. ಮನೆಗಳಿಗೆ ಮಾಡು ಇರಲಿಲ್ಲ. ಗೋಡೆಗಳು ಇದ್ದವು, ಗೋಡೆಗಳ ನಡುವೆ ಮಳೆಯ ನೀರು ಹೊಳೆಯುತ್ತಿತ್ತು. ತಗಡುಗಳನ್ನು ಗಾಳಿ ಕಿತ್ತದ್ದಲ್ಲ, ಒಂದೊಂದಾಗಿ ಬಿಚ್ಚಿ ತೆಗೆದುಕೊಂಡು ಹೋಗಿದ್ದರು. ಒಂದು ಮನೆಯೊಳಗೆ ಗಿಡವೊಂದು ಕಿಟಕಿಯೆತ್ತರಕ್ಕೆ ಬೆಳೆದಿತ್ತು.

ಹೆದ್ದಾರಿಯ ಗಸ್ತಿನವನು ಬೈಕಿನಲ್ಲಿ ಬಂದದ್ದು ಅಷ್ಟರಲ್ಲೇ. ರೇನ್‌ಕೋಟಿನೊಳಗೆ ಬೆವೆತಿದ್ದ. ಅವನ ಹಿಂದೆ, ಎರಡು ಸಾಲು ಹೋಗಬೇಕಾದಲ್ಲಿ ಒಂದೇ ಸಾಲು ಉಳಿದು, ಲಾರಿಗಳು ಒಂದಕ್ಕೊಂದು ಮೂಗು ತಾಗಿಸಿ ನಿಂತಿದ್ದವು.

"ಯಾರ್ರೀ ನಿಮಗೆ ಹತ್ತೋಕೆ ಹೇಳಿದ್ದು? ನೀರು ಇಳೀತಿದೆ ಅಂತ ಬೆಳಿಗ್ಗೆಯಿಂದ ಹೇಳ್ತಿದ್ದಾರೆ. ಮೇಲೆ ಅಣೆಕಟ್ಟಿನ ಗೇಟು ಮುಚ್ಚಿ ಆಯ್ತು!"

"ಯಾರು ಹೇಳ್ತಿದ್ದಾರೆ? ನಮಗ್ಯಾರೂ ಹೇಳಿಲ್ಲ," ಎಂದ ಅಂಗಡಿಯವನು. "ನಮಗೆ ಹೇಳೋದು ನಮ್ಮ ಕಂಬ."

"ಹಾಗಾದ್ರೆ ನಿಮ್ಮ ಕಂಬಕ್ಕೆ ಕಣ್ಣು ಟೆಸ್ಟ್ ಮಾಡ್ಸಿ."

ಎಲ್ಲರೂ ಬಾತಕ್ಕನ ಕಡೆ ನೋಡಿದರು. ಅವಳು ಕಟಕಟೆಯ ಬಳಿಯೇ ನಿಂತಿದ್ದಳು.

"ಆ ಊರಿನವರು ಎಲ್ಲಿ?" ಎಂದು ಕೇಳಿದಳು.

ಗಸ್ತಿನವನು ಹೊಳೆಯಾಚೆ ನೋಡಿದ. "ಆ ಕಡೆಯವರಾ? ಅವರೆಲ್ಲ ಬೇಸಿಗೆಯಲ್ಲೇ ಹೋದ್ರಲ್ಲ. ಸೇತುವೆ ದಾಟಿದ ಮೇಲೆ ದಿಣ್ಣೆ ಇದೆಯಲ್ಲ, ಅಲ್ಲಿ ಕಾಲೋನಿ ಕಟ್ಟಿಕೊಟ್ಟಿದ್ದಾರೆ. ಇನ್ನು ಅವರ ಕಾಟ ಇಲ್ಲ ನಮಗೆ. ನೀವೊಬ್ರು ಉಳಿದಿದ್ದೀರಿ."

ಕಾಲೋನಿಯ ಮಾತು ಅವಳ ಅಪ್ಪನ ಕಾಲದಿಂದಲೂ ಇತ್ತು. ಎರಡೂ ಊರಿನವರು ಅದನ್ನು ಕೇಳಿ ಕೇಳಿ, ಬಾರದ ಸಾಲದ ಮಾತು ಕೇಳಿದವರಂತೆ ನಗುವುದನ್ನು ಕಲಿತಿದ್ದರು. ನಿಜಕ್ಕೂ ಕಟ್ಟುತ್ತಾರೆಂದು ಯಾರು ಎಣಿಸಿದ್ದರು?

"ಟೇಲರ್ ಒಬ್ರಿದ್ರು..." ಎಂದಳು.

"ನನ್ನ ಹತ್ರ ಊರಿನ ಪಟ್ಟಿ ಇಲ್ಲಮ್ಮ. ಮೊದಲು ಈ ಎಮ್ಮೆ ಹಿಡ್ಕೊಳ್ಳಿ, ಯಾರದು ಇದು?"

ಎಮ್ಮೆ ಯಾರದೆಂಬ ಜಗಳದಲ್ಲಿ ಅವಳ ಮಾತು ಮುಳುಗಿಹೋಯಿತು. ಅಷ್ಟರಲ್ಲಿ ಅಣ್ಣ ಬಾಗಿಲನ್ನು ನೆಲಕ್ಕಿಟ್ಟು, ಯಾರಿಗೂ ಏನೂ ಹೇಳದೆ ಬಂದ ದಾರಿಯಲ್ಲೇ ಹಿಂದಿರುಗಿದ್ದ. ಅತ್ತಿಗೆ, "ಎಲ್ಲಿಗೆ ಹೋದ್ರು ಇವ್ರು? ಏನು ಮರೆತು ಬಂದ್ರು?" ಎಂದು ಎರಡು ಸಲ ಕೇಳಿದಳು. ಬಾತಕ್ಕನಿಗೆ ಗೊತ್ತಿತ್ತು ಎಲ್ಲಿಗೆಂದು.

ಅವನು ವಾಪಸು ಬಂದಾಗ ಸೊಂಟದವರೆಗೆ ಒದ್ದೆಯಾಗಿದ್ದ. ಮಳೆ ನಿಂತಿತ್ತು. ಸಂಜೆಯ ಬಿಸಿಲು ಮೋಡದಡಿಯಿಂದ ನುಸುಳಿ ಒದ್ದೆ ರಸ್ತೆಯ ಮೇಲೆ ಉದ್ದಕ್ಕೂ ಬಿದ್ದಿತ್ತು. ಜನ ಅವನನ್ನು ಸುತ್ತುವರಿದರು.

"ನೋಡಿದ್ಯಾ?" ಎಂದ ಅಂಗಡಿಯವನು. ಅವನ ಮಂಡಿ ಊದಿತ್ತು. "ಹೇಳು ಮಾರಾಯ. ಕೆಂಪಿಗೆ ಬಂದಿತ್ತೋ ಇಲ್ವೋ?"

ಅಣ್ಣ ತಲೆ ಒರೆಸಿಕೊಂಡ. ಒರೆಸಿಕೊಳ್ಳುತ್ತ ತುಸು ಹೆಚ್ಚೇ ಹೊತ್ತು ಮುಖವನ್ನು ಟವೆಲಿನಲ್ಲಿಟ್ಟುಕೊಂಡಿದ್ದ.

"ಬಂದಿತ್ತು," ಎಂದ. "ಒದ್ದೆ ಗುರುತಿದೆ. ಮುಟ್ಟಿ ಇಳಿದಿದೆ. ಬಾರಿಸಿದ್ದು ಸರಿಯಾಗೇ ಇದೆ."

"ಮುಟ್ಟಿತ್ತಾ?"

"ನನ್ನ ಮೇಲೆ ನಂಬಿಕೆ ಇಲ್ದಿದ್ರೆ ನೀನೇ ಹೋಗಿ ನೋಡು. ಮಂಡಿಗೂ ತಣ್ಣಗಾಗುತ್ತೆ."

ಜನ ಗೊಣಗಿಕೊಂಡು ಚದುರಿದರು. ಬೆಳಕಿರುವಾಗಲೇ ಇಳಿಯುವುದು ಎಂದಾಯಿತು. ಕಟ್ಟಿದ್ದ ಗಂಟನ್ನು ಬಿಚ್ಚುವ ಮೊದಲೇ ಮತ್ತೆ ಹೊರುವ ಕೆಲಸ. ಒಬ್ಬಳು ನಗುತ್ತಿದ್ದಳು, ಒಬ್ಬಳು ಗಂಡನನ್ನು ಬೈಯುತ್ತಿದ್ದಳು. ಎಳೆ ಮಗು ಪ್ಲಾಸ್ಟಿಕ್ಕಿನೊಳಗೆ ಅಳುತ್ತಿತ್ತು.

ಅಣ್ಣ ತಂಗಿಯ ಪಕ್ಕ ಬಂದು ಕಟಕಟೆಗೆ ಮೊಣಕೈ ಊರಿ ನಿಂತ. ಅವಳ ಮುಖ ನೋಡಲಿಲ್ಲ.

"ಒಂದು ಗೇಣು ಇತ್ತಲ್ಲೇ ಇನ್ನೂ."

ಅವಳು ಕಟಕಟೆಯ ಮೇಲಿನ ಮಳೆನೀರನ್ನು ಅಂಗೈಯಿಂದ ಒರೆಸಿದಳು.

"ಕಣ್ಣು ಕಾಣ್ಲಿಲ್ಲ ಅನ್ನು. ಒಪ್ಕೋತೀನಿ."

"ಕಾಣ್ತಿತ್ತು."

"ಮತ್ತೆ ಯಾಕೆ?"

"ಸುಮ್ನೆ."

"ಸುಮ್ನೆ ಯಾರಾದ್ರೂ ಊರನ್ನ ಎತ್ತಿ ಬೀದಿಗೆ ಹಾಕ್ತಾರಾ? ಆ ಕೂಸಿಗೆ ಏನಾದ್ರೂ ಆಗಿದ್ರೆ? ಬೇಡ, ನನ್ನ ಬೆನ್ನು ಹೋಗ್ಲಿ, ಅದಂತೂ ಹೋಗಿದ್ದೇ." ಅವನು ತಗ್ಗಿದ ದನಿಯಲ್ಲೇ ಹೇಳುತ್ತಿದ್ದ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು. "ಅಪ್ಪ ಒಂದು ಸಲನೂ ಸುಳ್ಳು ಬಾರಿಸ್ಲಿಲ್ಲ. ಇವತ್ತು ನಾನು ಅವರೆದುರಿಗೆ ಸುಳ್ಳು ಹೇಳ್ದೆ. ಇನ್ನೊಂದು ಸಲ ನನ್ನ ಕೈಲಿ ಆಗಲ್ಲ."

"ಗೊತ್ತು."

ಅವನು ಹಲ್ಲುಪಟ್ಟಿಯ ಆಚೆ, ಖಾಲಿ ರಸ್ತೆಯ ಮೇಲೆ, ಹಿಂದೆಲ್ಲ ಹೊಲಿಗೆ ಯಂತ್ರ ಕೂರುತ್ತಿದ್ದ ಜಾಗವನ್ನು ನೋಡಿದ. ನೋಡಿ, ಬೇರೆ ಕಡೆ ತಿರುಗಿದ.

"ನಾಳೆಯಿಂದ ಕಂಬ ನಾನು ನೋಡ್ಕೋತೀನಿ," ಎಂದ. "ನೀನು ಬಾತು ನೋಡ್ಕೋ."

ಅವಳು ಹೂಂ ಎಂದಳು. ಬುಟ್ಟಿಗಳ ಬಳಿ ಹೋಗಿ ಕೂತು ಮುಚ್ಚಳದ ಹಗ್ಗ ಬಿಗಿಮಾಡತೊಡಗಿದಳು. ಆಗಲೇ ಬಿಗಿಯಾಗಿದ್ದ ಹಗ್ಗ. ಇನ್ನು ಎಂಥ ನೆರೆ ಬಂದರೂ, ಕೆಂಪು ಮುಳುಗಿ ಕಂಬವೇ ಮುಳುಗಿದರೂ, ಆಚೆ ಕಡೆ ಅವನು ಹತ್ತಿ ಬರುವುದಿಲ್ಲ. ದಿಣ್ಣೆಯ ಮೇಲೆ ಒಣಗಿದ ನೆಲ, ಗಟ್ಟಿ ಮಾಡು. ಒಳ್ಳೆಯದೇ ಆಯಿತು ಅವನಿಗೆ. ಒಳ್ಳೆಯದಾಗಲಿ ಎಂದು ಹೇಳಿಕೊಳ್ಳಲು ನೋಡಿದಳು. ಮಾತು ಬಾಯಲ್ಲಿ ಬಂತು, ಒಳಗಿನಿಂದ ಬರಲಿಲ್ಲ.

ಲಾರಿಗಳ ಸಾಲು ಇಂಚಿಂಚಾಗಿ ಸರಿಯುತ್ತಿತ್ತು. ಒಂದೊಂದು ಗಾಲಿಯೂ ಹಲ್ಲುಪಟ್ಟಿಯನ್ನು ದಾಟುವಾಗ ದಡ್ ಎನ್ನುತ್ತಿತ್ತು, ಆ ಸದ್ದು ಕೂತಿದ್ದ ಅವಳ ಸೊಂಟಕ್ಕೆ ಬಡಿಯುತ್ತಿತ್ತು. ಚಾಲಕನೊಬ್ಬ ಕಿಟಕಿಯಿಂದ ತಲೆ ಹಾಕಿ, "ಏನಮ್ಮ, ಸೇತುವೆ ನಿಮ್ಮಪ್ಪಂದಾ?" ಎಂದು ಕೇಳಿದ. ಅತ್ತಿಗೆ, "ನಿಮ್ಮಪ್ಪಂದಾ? ಅವ್ರು ಬಂದು ಹೇಳ್ಲಿ, ಎದ್ದು ಹೋಗ್ತೀವಿ," ಎಂದಳು. ಮುಂದೆಲ್ಲೋ ಎಮ್ಮೆ ಮತ್ತೆ ಅಡ್ಡ ಬಂದಿರಬೇಕು, ಸಾಲು ನಿಂತಿತು.

ಬಾತಕ್ಕನ ಎದುರಿಗೆ ನಿಂತದ್ದು ನೀಲಿ ಬಣ್ಣದ ದೊಡ್ಡ ಬಸ್ಸು. ಈ ಕೊನೆಯ ಪಟ್ಟಣದ ಬಟ್ಟೆ ಕಾರ್ಖಾನೆಯದು. ಹಗಲಿನ ಪಾಳಿ ಮುಗಿಸಿದ ಕೆಲಸಗಾರರನ್ನು ಆ ಕೊನೆಗೆ, ದಿಣ್ಣೆಯ ಕಡೆಗೆ ಮುಟ್ಟಿಸಲು ಹೋಗುತ್ತಿತ್ತು. ಈ ನೀಲಿ ಬಸ್ಸುಗಳು ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ತಲೆಯ ಮೇಲೆ ಹೋಗುವುದನ್ನು ಅವಳು ಕೆಳಗಿನಿಂದ ಸಾಕಷ್ಟು ನೋಡಿದ್ದಳು. ನೀಲಿಯ ಒಂದು ಗೆರೆಯಷ್ಟೇ ಕಾಣುತ್ತಿತ್ತು ಅಲ್ಲಿಂದ. ಕಿಟಕಿಗಳಿಗೆಲ್ಲ ತೆರೆಯಲಾಗದ ಉದ್ದನೆಯ ಗಾಜು. ಗಾಜಿಗೆ ತಲೆಯಾನಿಸಿ ಜನ ನಿದ್ದೆಹೋಗಿದ್ದರು.

ಅವಳ ನೇರಕ್ಕಿದ್ದ ಕಿಟಕಿಯಲ್ಲಿ ಟೇಲರ್ ಮಲಗಿದ್ದ.

ಬಾಯಿ ಸ್ವಲ್ಪ ತೆರೆದಿತ್ತು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕೊರಳಲ್ಲಿ ಟೇಪು ಇರಲಿಲ್ಲ, ಕಾರ್ಖಾನೆಯ ಗುರುತಿನ ಬಿಲ್ಲೆ ನೇತಾಡುತ್ತಿತ್ತು. ಅಂಗಿಯ ತೋಳಿಗೆ ನೂಲಿನ ಚೂರುಗಳು ಅಂಟಿದ್ದವು. ಅವಳು ಎದ್ದು ನಿಂತಳು. ಅವಳ ಮುಖಕ್ಕೂ ಅವನ ಮುಖಕ್ಕೂ ನಡುವೆ ಒಂದು ಮೊಳವೂ ಇರಲಿಲ್ಲ, ಆದರೆ ಅವನು ಮೇಲಿದ್ದ, ಅವಳು ಕೆಳಗಿದ್ದಳು. ಬೇಸಿಗೆಯಿಂದ ಇವನು ದಿನಕ್ಕೆರಡು ಸಲ ನನ್ನ ನೆತ್ತಿಯ ಮೇಲೆ ಹಾದುಹೋಗಿದ್ದಾನೆ, ನಾನು ಕೆಳಗೆ ನೀರು ನೋಡುತ್ತ ನಿಂತಿದ್ದೆ, ಎಂಬುದು ಅವಳಿಗೆ ಅರ್ಥವಾಗುವುದಕ್ಕೂ ಮುಂದಿನ ಲಾರಿ ಎಂಜಿನ್ ಚಾಲೂ ಮಾಡುವುದಕ್ಕೂ ಸರಿಹೋಯಿತು.

ಬಾತಕ್ಕ ಕೈಯೆತ್ತಿ ಬೆರಳ ಗೆಣ್ಣಿನಿಂದ ಗಾಜನ್ನು ತಟ್ಟಿದಳು.

ಅವನು ಏಳಲಿಲ್ಲ. ಅವಳು ಮತ್ತೆ ತಟ್ಟಿದಳು, ಈ ಸಲ ಜೋರಾಗಿ. ಹಿಂದಿನ ಕಿಟಕಿಯ ಹೆಂಗಸು ಎಚ್ಚೆತ್ತು ಹುಬ್ಬು ಗಂಟಿಕ್ಕಿದಳು. ಅವನು ಕಣ್ಣು ಬಿಟ್ಟ. ಮೊದಲು ಆಚೆ ಹೊಳೆಯ ಕಡೆ ನೋಡಿದ, ಆಮೇಲೆ ಕೆಳಗೆ. ಯಾರೋ ಹೆಂಗಸು ಏನೋ ಮಾರಲು ಬಂದಿದ್ದಾಳೆ ಎಂದುಕೊಂಡವನ ಹಾಗೆ ಬೇಡವೆಂದು ಕೈಯಾಡಿಸಿದ. ಆ ಕೈ ಅರ್ಧದಲ್ಲೇ ನಿಂತಿತು. ಒಂದು ಕಣ್ಣು ಸಣ್ಣದಾಯಿತು.

ಅವನು ಸೀಟಿನಿಂದ ಎದ್ದ. ಕಿಟಕಿಯ ಅಂಚುಗಳನ್ನು ತಡವಿದ, ಎಲ್ಲೂ ಹಿಡಿ ಸಿಗಲಿಲ್ಲ. ಗಾಜಿಗೆ ಎರಡೂ ಅಂಗೈ ಊರಿ ಮಾತಾಡತೊಡಗಿದ. ಒಂದು ಮಾತಿಗೆ ಅಷ್ಟು ಹೊತ್ತು ತೆಗೆದುಕೊಳ್ಳುತ್ತಿದ್ದ ಮನುಷ್ಯ ಈಗ ತಡವಿಲ್ಲದೆ, ಉಸಿರಿಗೂ ನಿಲ್ಲದೆ ಮಾತಾಡುತ್ತಿದ್ದ. ಉಸಿರು ಗಾಜಿಗೆ ಮಂಜಾಗಿ ಕೂತು ಬಾಯಿಯೇ ಮಸುಕಾಯಿತು. ಅವನು ತೋಳಿನಿಂದ ಒರೆಸಿದ, ಮತ್ತೆ ಮಾತಾಡಿದ. ಲಾರಿಗಳ ಹಾರನ್ನುಗಳ ನಡುವೆ ಅವಳಿಗೆ ಒಂದಕ್ಷರವೂ ಕೇಳಿಸಲಿಲ್ಲ. ಕೊನೆಗೆ ಅವನು ನಿಲ್ಲಿಸಿದ. ನಿಲ್ಲಿಸಿ, ಹುಬ್ಬು ಮೇಲೇರಿಸಿ, ಕಾದ. ಕೇಳಿಯಾಗಿತ್ತು, ಇನ್ನು ಉತ್ತರ ಬೇಕಿತ್ತು.

ಆ ಮಾತೇ ಇರಬಹುದು. ನೆರೆ ಬಂತಾ, ಮನೆ ಮುಳುಗಿತಾ ಎಂದೂ ಇರಬಹುದು.

ಬಾತಕ್ಕ ಹೂಂ ಎಂದು ತಲೆಯಾಡಿಸಿದಳು. ಕಾಣಲಿಲ್ಲವೇನೋ ಎಂದು ಇನ್ನೊಮ್ಮೆ, ದೊಡ್ಡದಾಗಿ ಆಡಿಸಿದಳು.

ಬಸ್ಸು ಜಗ್ಗಿ ಹೊರಟಿತು. ಅವನು ಮುಗ್ಗರಿಸಿ ಸೀಟಿನ ಬೆನ್ನು ಹಿಡಿದುಕೊಂಡದ್ದು ಕಾಣಿಸಿತು. ಮುಂದಿನ ಗಾಲಿಗಳು ಹಲ್ಲುಪಟ್ಟಿ ದಾಟಿದವು, ಹಿಂದಿನವೂ ದಾಟಿದವು. ಅವಳು ನಾಲ್ಕು ಹೆಜ್ಜೆ ಅದರ ಪಕ್ಕದಲ್ಲೇ ಹೋದಳು, ಆಮೇಲೆ ಆಗಲಿಲ್ಲ.

"ಯಾರೇ ಅದು?" ಅತ್ತಿಗೆ ಹಾಸಿಗೆಯ ಸುರುಳಿಯನ್ನು ಕಂಕುಳಲ್ಲಿ ಹಿಡಿದು ಬಂದಿದ್ದಳು. ಯಾವತ್ತಿನ ಮೊನಚು ದನಿಯಲ್ಲಿರಲಿಲ್ಲ. "ಆ ಟೇಲರ್ ಅಲ್ವಾ? ಏನಂದ?"

"ಕೇಳಿಸ್ಲಿಲ್ಲ."

"ಕೇಳಿಸ್ದೇನೇ ಹೂಂ ಅಂದ್ಯಾ?"

"ಹೂಂ."

ಅತ್ತಿಗೆ ಹಾಸಿಗೆಯ ಸುರುಳಿಯನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡಳು.

"ಬೆಳಕು ಹೋಗ್ತಿದೆ," ಎಂದಳು. "ನಾವು ಮುಂದೆ ಹೋಗ್ತಿರ್ತೀವಿ. ನೀನು ನಿಧಾನಕ್ಕೆ ಬಾ."

ಹಿಂದೆಯೇ ಅದೇ ನೀಲಿಯ ಇನ್ನೊಂದು ಬಸ್ಸು ಬಂತು. ಅದರ ಹಿಂದೆ ಮತ್ತೊಂದು. ಅಷ್ಟರಲ್ಲಿ ಒಳಗಿನ ದೀಪಗಳು ಹತ್ತಿಕೊಂಡಿದ್ದವು. ಬಾತಕ್ಕ ರಸ್ತೆಯ ಅಂಚಿನಲ್ಲಿ ನಿಂತು ನೋಡಿದಳು. ಒಂದೊಂದು ಗಾಜಿಗೂ ಒಂದೊಂದು ತಲೆ ಒರಗಿತ್ತು, ಬಾಯಿ ತೆರೆದು, ಕೈ ಸಡಿಲ ಬಿಟ್ಟು. ಗಾಲಿ ಕಬ್ಬಿಣದ ಮೇಲೆ ಹಾಯ್ದಾಗ ಅಷ್ಟೂ ತಲೆಗಳು ಒಟ್ಟಿಗೇ ಒಮ್ಮೆ ಎದ್ದು, ಮತ್ತೆ ಗಾಜಿಗೆ ಒರಗಿದವು.